ಎಂಟು ಥೌ ಆಟ

ಅಪ್ಪನ ಕಿವಿ ಹೋಗುತ್ತಿದೆ ಎಂದು ನನಗೆ ಗೊತ್ತಾದದ್ದು ಬಸ್ಸಿನ ಹಾರ್ನಿನಿಂದ. ಗಡಹಿಂಗ್ಲಜ ಸ್ಟ್ಯಾಂಡಿನಲ್ಲಿ ಹಿಂದಕ್ಕೆ ಬರುತ್ತಿದ್ದ ಎಸ್‌ಟಿ ಬಸ್ಸು ಅಷ್ಟು ಅರಚಿಕೊಂಡರೂ ಅವನು ನಿಂತಲ್ಲೇ ನಿಂತಿದ್ದ. ತೋಳು ಹಿಡಿದು ಎಳೆದೆ. "ಯಾಕ ಎಳೀತಿ? ಬರಾಕತ್ತಿದ್ದು ಕಾಣಾಕತ್ತಿತ್ತ ನನಗ" ಎಂದ. ಕಾಣಲು ಅವನ ಬೆನ್ನಿಗೆ ಕಣ್ಣಿರಲಿಲ್ಲ. ಆದರೆ ಸುಳ್ಳನ್ನು ಅಷ್ಟು ಗಂಭೀರವಾಗಿ ಹೇಳುವವನ ಜೊತೆ ಜಗಳವಾಡುವುದು ಹೇಗೆ? ಸುಮ್ಮನಾದೆ. ನಾನು ಸುಮ್ಮನಾಗುವುದು ಅಪರೂಪ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನದಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ತಗಡಿನ ಗ್ಯಾರೇಜು, ಅದರ ಹಿಂದೆಯೇ ಮನೆ. ಕಬ್ಬಿನ ಟ್ರ್ಯಾಕ್ಟರು, ಜೀಪು, ನೀರೆತ್ತುವ ಎಂಜಿನ್ನು, ಎಲ್ಲವೂ ಅಪ್ಪನ ಹತ್ತಿರ ಬರುತ್ತಿದ್ದವು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಅದರ ಹಿಡಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಕಣ್ಣು ತೆರೆದು, ಇಂಥದ್ದು ಹೋಗಿದೆ ಎಂದರೆ ಬಿಚ್ಚಿದಾಗ ಅದೇ ಹೋಗಿರುತ್ತಿತ್ತು. ಊರಿಗೆ ಊರೇ ಅವನ ಕಿವಿಯನ್ನು ಹೊಗಳುತ್ತಿತ್ತು. ಆ ಸ್ಕ್ರೂಡ್ರೈವರಿನ ಹಿಡಿ ಕಿವಿಯಿಂದ ಕಿವಿಯ ಹಿಂದಿನ ಎಲುಬಿಗೆ, ಅಲ್ಲಿಂದ ಮೆಲ್ಲಗೆ ಹಲ್ಲಿಗೆ ಬಂದದ್ದನ್ನು ಮಾತ್ರ ಊರು ನೋಡಲಿಲ್ಲ. ನೋಡಿದವಳು ನಾನೊಬ್ಬಳೇ. ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರೆ ಎಂಜಿನ್ನಿನ ಸದ್ದು ತಲೆಬುರುಡೆಯೊಳಗೇ ಬರುತ್ತದೆ, ಕಿವಿಯ ಹಂಗು ಬೇಕಿಲ್ಲ.

ನನಗೆ ಆಗ ಇಪ್ಪತ್ತೆರಡು. ಕೂತಲ್ಲಿ ಕೂರುವುದು ನನ್ನ ಜಾತಕದಲ್ಲೇ ಇರಲಿಲ್ಲ. ನಿಂತರೆ ಕಾಲು, ಕೂತರೆ ಬೆರಳು. ಕೈಗೆ ಸಿಕ್ಕಿದ ತಟ್ಟೆ, ತಗಡು, ಬಾಗಿಲು, ಎಲ್ಲದರ ಮೇಲೂ ಟಪಟಪ ಬಾರಿಸುತ್ತಿದ್ದೆ. "ಇಂಥಾ ಚಡಪಡಿಕಿ ಹುಡಿಗೀನ ಯಾರ ಒಯ್ತಾರ?" ಎಂಬುದು ಅವ್ವನ ದಿನನಿತ್ಯದ ಮಂತ್ರ. ಅಪ್ಪ ನಗುತ್ತಿದ್ದ. "ಇಕೀನ ಮಾಡೂ ಮುಂದ ದೇವ್ರು ಆಟ ಭಾಳ ಬಿಟ್ಟಾನ" ಎನ್ನುತ್ತಿದ್ದ. ನಮ್ಮ ಗ್ಯಾರೇಜಿನಲ್ಲಿ ಆಟ ಎಂದರೆ ಎರಡು ಲೋಹದ ಭಾಗಗಳ ನಡುವೆ ಬಿಡುವ ಸಡಿಲ. ಆಟವಿಲ್ಲದಿದ್ದರೆ ಬಿಸಿಯಾದಾಗ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಬಡಿದುಕೊಳ್ಳುತ್ತದೆ. ನನ್ನದು ಬಡಿದುಕೊಳ್ಳುವ ಜಾತಿ.

ಹೀಗಿರುವಾಗ ಆಜರಾದ ಗೋಡಂಬಿ ಸಾಹುಕಾರರೊಬ್ಬರು ಒಂದು ಹಳೆಯ ಇಂಗ್ಲಿಷ್ ಕಾರನ್ನು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದರು. ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಉದ್ದ ಮೂತಿ, ತಂತಿಯ ಕಡ್ಡಿಗಳ ಚಕ್ರ. ಕೊಲ್ಹಾಪುರದ ಯಾರದೋ ವಾಡೆಯಲ್ಲಿ ವರ್ಷಗಟ್ಟಲೆ ಧೂಳು ತಿಂದದ್ದು. ನೋಡಲು ಓಟದ ಗಾಡಿ, ಏರು ಬಂದರೆ ಏದುಸಿರು.

"ಮಿಸ್ತ್ರಿ, ನನ್ನ ಗೋಡಂಬಿ ಲಾರಿನ ಹಾರ್ನ್ ಹೊಡದು ನನ್ನ ದಾಟಿ ಹೋಗತೈತ್ರಿ" ಎಂದರು ಸಾಹುಕಾರರು. "ಡ್ರೈವರ್ ತಿರಗಿ ನೋಡಿ ನಗತಾನ. ನನ್ನ ಪಗಾರ ತಿಂದು ನನ್ನ ನೋಡಿ ನಗತಾನ! ಆಜರಾ ಏರು ಇದು ಮೂರನೇ ಗೇರಿನ್ಯಾಗ ಹತ್ತಬೇಕು. ಬೆಳಗಾಂವಿಗೆ ಒಯ್ರಿ ಅಂದ್ರು ಮಂದಿ. ಕಿವಿ ಇರೂದು ಗಡಹಿಂಗ್ಲಜದಾಗ ಅಂದೆ ನಾ."

ಅಪ್ಪ ಅವರ ಬಾಯಿಯನ್ನೇ ನೋಡುತ್ತ ನಿಂತಿದ್ದ. ಆಮೇಲೆ ತಲೆಯಾಡಿಸಿದ. ಎಂಜಿನ್ನಿನ ಬ್ಲಾಕ್ ಬೋರ್ ಮಾಡಿಸಿ, ಅಂದರೆ ಅದರ ತೂತುಗಳನ್ನು ಕೊರೆಸಿ ಅಗಲ ಮಾಡಿಸಿ, ದೊಡ್ಡ ಪಿಸ್ಟನ್ ಹಾಕೋಣ, ಇರುವ ಒಂದು ಕಾರ್ಬುರೇಟರ್ ತೆಗೆದು ಜೋಡಿ ಕಾರ್ಬುರೇಟರ್ ಕೂರಿಸೋಣ ಎಂದ. ಜೋಡಿ ಕಾರ್ಬುರೇಟರ್ ಎಂದರೆ ಎರಡೂ ಒಂದೇ ಸಮ ಉಸಿರಾಡಬೇಕು. ನಮ್ಮಲ್ಲಿ ಹಾಗೆ ಹೊಂದಿಸುವುದಕ್ಕೆ ಇದ್ದ ದಾರಿ ಒಂದೇ: ರಬ್ಬರ್ ನಳಿಗೆಯ ಒಂದು ತುದಿ ಕಾರ್ಬುರೇಟರಿನ ಬಾಯಿಗೆ, ಇನ್ನೊಂದು ಕಿವಿಗೆ. ಗಾಳಿಯ ಸುಯ್ಲನ್ನು ಹಲ್ಲಿನಲ್ಲಿ ಕಚ್ಚಿ ಕೇಳಲಾಗುವುದಿಲ್ಲ. ಅದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಲ್ಲವನೇ ಹೋಗಿ ಹಾಗೆ ಕೊರಳು ಕೊಟ್ಟಿದ್ದಕ್ಕೆ ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು. ಇದೊಂದು ಕೆಲಸ ಕೆಟ್ಟರೆ ಮಿಸ್ತ್ರಿಗೆ ಕಿವುಡು ಎಂಬ ಮಾತು ಸಂತೆಯಲ್ಲಿ ಹರಡುತ್ತದೆ. ಮರುದಿನದಿಂದ ಒಂದು ಟ್ರ್ಯಾಕ್ಟರೂ ನಮ್ಮ ಕಡೆ ಮೂತಿ ತಿರುಗಿಸುವುದಿಲ್ಲ.

ಸಾಮಾನು ಹುಡುಕುವ ತಿರುಗಾಟಕ್ಕೆ ನಾನೂ ಹೊರಟೆ. "ಹುಡಿಗಿ ಯಾಕ ಬೇಕ ಸಾಮಾನಾ ತರಾಕ?" ಎಂದು ಅವ್ವ ಕೇಳಿದಳು. "ಮನ್ಯಾಗ ಕುಂತ್ರ ಗ್ವಾಡಿ ಬಡೀತಾಳ, ಬರ್ಲಿ ಬಿಡು" ಎಂದ ಅಪ್ಪ. ನಾನು ಯಾಕೆ ಬರುತ್ತೇನೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಮೊದಲು ಇಚಲಕರಂಜಿ. ಅಲ್ಲಿ ಮಗ್ಗದ ಶೆಡ್ಡಿನ ಜೈನ ಮಾಲೀಕರೊಬ್ಬರ ಹಿತ್ತಲಿನಲ್ಲಿ ಅದೇ ಜಾತಿಯ ಕಾರೊಂದು ಸತ್ತು ಬಿದ್ದಿದೆ, ಅದರಲ್ಲಿ ಜೋಡಿ ಕಾರ್ಬುರೇಟರ್ ಇದೆ ಎಂದು ಯಾರೋ ಹೇಳಿದ್ದರು. ಸಂಕೇಶ್ವರ, ನಿಪ್ಪಾಣಿ ದಾಟುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಕಂಡಕ್ಟರ್ ಚಹಾಕ್ಕೆ ಇಳಿದರೆ ಅವನ ಹಿಂದೆ ನಾನೂ ಇಳಿದು, "ಅಣ್ಣಾ, ಇಂದ ಹೋಗತೈತೋ ನಾಳಿಗೋ?" ಎಂದು ಅವನ ತಲೆ ತಿನ್ನುತ್ತಿದ್ದೆ. ಅಪ್ಪ ಕಿಟಕಿಗೆ ತಲೆ ಕೊಟ್ಟು ಮಲಗಿದ್ದ. ಕೇಳದವರಿಗೆ ಎಂಥ ನಿದ್ದೆ ಎಂದು ಆಗ ಹೊಟ್ಟೆಕಿಚ್ಚು ಪಟ್ಟದ್ದೂ ಉಂಟು.

ಮಗ್ಗದ ಶೆಡ್ಡಿನೊಳಗೆ ಕಾಲಿಟ್ಟಾಗ ನನ್ನ ತಲೆಯೊಳಗಿನದೆಲ್ಲ ಉದುರಿಹೋದಂತಾಯಿತು. ಸಾಲು ಸಾಲು ಪವರ್‌ಲೂಮು. ಖಟಖಟ ಎನ್ನುವುದು ಸದ್ದಾಗಿ ಉಳಿಯದೆ ಮೈಗೆ ಹೊಡೆಯುತ್ತಿತ್ತು. ಮಾಲೀಕರು ಬಂದು ಏನೋ ಅಂದರು, ನನಗೆ ಒಂದಕ್ಷರ ಕೇಳಲಿಲ್ಲ. ಅಪ್ಪನ ಕಡೆ ಗಾಬರಿಯಿಂದ ನೋಡಿದೆ. ಅಪ್ಪ ಉತ್ತರ ಕೊಡುತ್ತಿದ್ದ! ಮಾಲೀಕರು ತುಟಿಗಳನ್ನು ಅಗಲವಾಗಿ ಬಿಡಿಸಿ, ಕೈಬೆರಳು ಆಡಿಸಿ ಕೇಳುತ್ತಿದ್ದರು. ಮಗ್ಗದವರ ಮಾತೇ ಹಾಗಂತೆ, ಅಲ್ಲಿ ಯಾರೂ ಕಿವಿಯನ್ನು ನಂಬುವುದಿಲ್ಲ. ಅಪ್ಪ ಅವರ ತುಟಿ ನೋಡಿ ಥಟ್ಟನೆ ಹೇಳುತ್ತಿದ್ದ. ಇಬ್ಬರೂ ನಕ್ಕರು. ಯಾವುದೋ ಚೇಷ್ಟೆಯ ಮಾತು ಇರಬೇಕು, ನನ್ನ ಕಡೆ ನೋಡಿ ಇನ್ನೊಮ್ಮೆ ನಕ್ಕರು. ಆ ಶೆಡ್ಡಿನಲ್ಲಿ ಕಿವುಡಿ ನಾನು. ಬಹಳ ದಿನಗಳ ಮೇಲೆ ಅಪ್ಪನ ಹೆಗಲು ಇಳಿದು ಸಡಿಲವಾಗಿ ನಿಂತದ್ದನ್ನು ನೋಡಿದೆ.

ಹಿತ್ತಲಿನ ಕಾರಿನೊಳಗೆ ಕೋಳಿ ಮೊಟ್ಟೆಯಿಟ್ಟಿತ್ತು. ಮೊಟ್ಟೆ ಎತ್ತಿಟ್ಟು, ತುಕ್ಕು ಹಿಡಿದ ನಟ್ಟು ಬಿಚ್ಚಿ ಜೋಡಿ ಕಾರ್ಬುರೇಟರ್ ಹೊರಗೆ ತೆಗೆದೆವು. ಗೋಣಿಚೀಲದಲ್ಲಿ ಅವನ್ನು ಹೊತ್ತು ಸ್ಟ್ಯಾಂಡಿಗೆ ನಡೆಯುವಾಗ ಕೇಳಿದೆ, "ಏನಂದ್ರು ಅವ್ರು, ನನ್ನ ನೋಡಿ ನಕ್ಕರಲ್ಲ?"

"ಯಾಕ, ನಿನಗ ಕೇಳಸ್ಲಿಲ್ಲೇನು?" ಎಂದು ಅಪ್ಪ ಕಳ್ಳನಗೆ ನಕ್ಕ. ಅವನ ಗುಟ್ಟಿನ ಮಾತನ್ನು ನಾವಿಬ್ಬರೂ ಆಡಿದ್ದು ಅಷ್ಟೇ.

ಆಮೇಲೆ ಕೊಲ್ಹಾಪುರ. ಎಂಜಿನ್ನಿನ ಬ್ಲಾಕನ್ನು ಬೆಲ್ಲದ ಲಾರಿಯಲ್ಲಿ ಹಾಕಿಸಿಕೊಂಡು ಉದ್ಯಮನಗರಕ್ಕೆ ಹೋದೆವು. ಎರಕದ ಮರಳು, ಸುಟ್ಟ ಎಣ್ಣೆ, ಓಣಿಗೊಂದು ಲೇಥು. ಅಲ್ಲಿ ನಮ್ಮ ಕೆಲಸ ಹಿಡಿದ ಲೇಥಿನ ಟರ್ನರ್ ಮರಾಠಿಯವನು, ಕೈಗೆಲಸದಲ್ಲಿ ಗಟ್ಟಿಗ, ಆದರೆ ಅವನ ಮೀಸೆ! ಎರಡೂ ತುಟಿಯನ್ನು ನುಂಗಿಕೊಂಡು ಕೂತಿದ್ದ ಮೀಸೆ. ಅಪ್ಪ ಆ ಮುಖವನ್ನು ನೋಡಿದ, ನನ್ನನ್ನು ನೋಡಿದ. ನಾನು ಟರ್ನರನ ಪಕ್ಕಕ್ಕೆ ಹೋಗಿ ಅಪ್ಪನಿಗೆ ಎದುರಾಗಿ ನಿಂತೆ. ಅವನು ಮರಾಠಿಯಲ್ಲಿ ಅಂದದ್ದನ್ನೆಲ್ಲ ತುಟಿ ಬಿಡಿಸಿ ಕನ್ನಡದಲ್ಲಿ ಅಂದೆ. ಅಪ್ಪನಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಪಾಪ, ಕಾನಡಿ ಮಿಸ್ತ್ರಿ, ಮರಾಠಿ ಕಚ್ಚಾ ಎಂದು ಟರ್ನರ್ ತಿಳಿದುಕೊಂಡ. ತಿಳಿದುಕೊಳ್ಳಲಿ ಎಂದೇ ಬಿಟ್ಟೆವು. ಭಾಷೆ ಬರುವುದಿಲ್ಲ ಎನ್ನಿಸಿಕೊಳ್ಳುವುದರಲ್ಲಿ ಅಪ್ಪನಿಗೆ ಅವಮಾನವಿರಲಿಲ್ಲ.

ಆ ಗಾಡಿಯ ಪಿಸ್ಟನ್ ಅಂಗಡಿಗಳಲ್ಲಿ ಸಿಗಲಿಲ್ಲ. ಬಿಸಿಲಲ್ಲಿ ಓಣಿ ಓಣಿ ಸುತ್ತಿದೆವು. ಒಬ್ಬ ಜೀಪಿನದು ತೋರಿಸಿದ, ಇನ್ನೊಬ್ಬ ಟೆಂಪೋದ್ದು, ಮತ್ತೊಬ್ಬ ನನ್ನನ್ನು ನೋಡಿ, "ತಾಯಿ, ತುಮ್ಹಾಲಾ ಶಿಲಾಯಿ ಮಶಿನ್‌ಚಂ ಪಾಹಿಜೆ ಕಾ?" ಎಂದ. ಹೊಲಿಗೆ ಮಶಿನ್ನಿಗೂ ಪಿಸ್ಟನ್ ಇರುತ್ತದೆಯೇ ಎಂದು ಕೇಳಿ ಅವನ ಬಾಯಿ ಮುಚ್ಚಿಸಿದೆ. ಕೊನೆಗೆ ಟರ್ನರನೇ, ಮುಂಬಯಿಯಿಂದ ನಲವತ್ತರ ಸೈಜಿನ ಸೆಟ್ ತರಿಸುತ್ತೇನೆ ಎಂದ. ಅಂದರೆ ಮೂಲ ಅಳತೆಗಿಂತ ನಲವತ್ತು ಥೌ ದೊಡ್ಡದು. ಇಂಚಿನ ಸಾವಿರದ ಒಂದು ಪಾಲಿಗೆ ಥೌ ಎನ್ನುತ್ತಾರೆ. ಬ್ಲಾಕ್ ಅಲ್ಲೇ ಬಿಟ್ಟು ಬಂದೆವು.

ಕಾಯುವ ದಿನಗಳು ಬಂದವು. ನನ್ನನ್ನು ಕೊಂದರೂ ಸರಿ, ಕಾಯಿಸಬೇಡಿ. ಬೆಳಗಿಗೊಮ್ಮೆ ಸಂಜೆಗೊಮ್ಮೆ ಸ್ಟ್ಯಾಂಡಿಗೆ ಹೋಗಿ ಕೊಲ್ಹಾಪುರ ಬಸ್ಸಿನ ಡ್ರೈವರನ್ನು ವಿಚಾರಿಸಿ ಬರುತ್ತಿದ್ದೆ. ಎಂಜಿನ್ನಿಲ್ಲದ ಕಾರಿನ ಬಾನೆಟ್ಟಿನ ಮೇಲೆ ಬೆರಳು ಬಾರಿಸುತ್ತಿದ್ದೆ. ಅಪ್ಪ ಕಾರ್ಬುರೇಟರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮತ್ತೆ ತೊಳೆಯುತ್ತಿದ್ದ.

ಪಿಸ್ಟನ್ ಬಂದಿದೆ, ಎಷ್ಟು ಸಡಿಲ ಬಿಟ್ಟು ಬೋರ್ ಮಾಡಲಿ, ಫೋನ್ ಮಾಡಿ ಹೇಳಿ ಎಂದು ಟರ್ನರ್ ಡ್ರೈವರನ ಬಾಯಲ್ಲಿ ಹೇಳಿ ಕಳಿಸಿದ ದಿನ ನಾನು ಊರಲ್ಲಿರಲಿಲ್ಲ. ಅವ್ವನ ಜೊತೆ ನೂಲ ಎಂಬ ಊರಿಗೆ, ನೆಂಟರ ಮಗುವನ್ನು ತೊಟ್ಟಿಲಿಗೆ ಹಾಕುವುದಕ್ಕೆ ಹೋಗಿದ್ದೆ. ಅಪ್ಪ ನನಗೆ ಕಾಯಬಹುದಿತ್ತು, ಕಾಯಲಿಲ್ಲ. ಪೋಸ್ಟಾಫೀಸಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿ ತಾನೇ ಮಾತಾಡಿ ಬಂದಿದ್ದ. ಸಂಜೆ ನಾನು ಬಂದಾಗ ಕಟ್ಟೆಯ ಮೇಲೆ ಮೀಸೆ ತಿರುವುತ್ತ ಕೂತಿದ್ದ.

"ಹೇಳೀಯೇನು?"

"ಹೇಳೇನಿ."

"ಅಂವ ಏನಂದ?"

"ಹೂಂ ಅಂದ" ಎಂದ ಅಪ್ಪ, ಎದ್ದು ಒಳಗೆ ಹೋದ.

ಬ್ಲಾಕು ಬಂತು. ಕೂರಿಸಿದೆವು. ಸುದ್ದಿ ಮುಟ್ಟಿದ್ದೇ ತಡ ಸಾಹುಕಾರರು ಬಿಳಿ ಪ್ಯಾಂಟು ತೊಟ್ಟು ಹಾಜರಾದರು. ಅಪ್ಪ ಸ್ಟಾರ್ಟ್ ಮಾಡಿದ. ಒಮ್ಮೆಗೇ ಎಂಜಿನ್ ಎದ್ದಿತು. ಅದರ ಜೊತೆಗೇ ಟಕಟಕ ಟಕಟಕ ಎಂಬ ಬಡಿತ. ಅಂಗಳದ ನಾಯಿ ಎದ್ದು ಹೋಯಿತು.

"ಹ್ಯಾಂಗೈತ್ರಿ ಸಾವಕಾರ್ರ?" ಎಂದು ಅಪ್ಪ ಅಭಿಮಾನದಿಂದ ಕೇಳಿದ.

ಸಾಹುಕಾರರು ಅವನ ಮುಖವನ್ನೂ ಎಂಜಿನ್ನನ್ನೂ ನೋಡಿದರು. "ಇದೇನ್ರೀ ಮಿಸ್ತ್ರಿ, ಇಚಲಕರಂಜಿ ಮಗ್ಗಾ ತಂದು ಇದರಾಗ ಕೂಡಸೀರೇನ್ರಿ?"

ಅಪ್ಪನ ನಗು ಹಾಗೇ ಇತ್ತು. ಸಾಹುಕಾರರು ಹೊಗಳಿದರೆಂದೇ ತಿಳಿದಿದ್ದ, ಅವರು ಬಗ್ಗಿ ಮಾತಾಡಿದ್ದರಿಂದ ತುಟಿ ಕಂಡಿರಲಿಲ್ಲ. ಆ ನಗುವನ್ನು ನೋಡಲಾರದೆ ನಾನು ಸ್ಕ್ರೂಡ್ರೈವರನ್ನು ಅವನ ಕೈಗೆ ತುರುಕಿದೆ. ಅವನು ತುದಿಯನ್ನು ಬ್ಲಾಕಿಗೆ ಒತ್ತಿ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿದ. ಮುಖದ ರಕ್ತ ಇಳಿಯಿತು. ಎಂಜಿನ್ ನಿಲ್ಲಿಸಿದ.

"ಆಟ ಭಾಳ ಆಗೇತ್ರಿ. ಪಿಸ್ಟನ್ ಬಡ್ಯಾಕತ್ತಾವು."

"ಅದು ನಿಮ್ಮ ನಾಯಿಗೂ ತಿಳೀತು. ನಿಮಗ ಈಗ ತಿಳೀತೇನ್ರಿ?" ಎಂದರು ಸಾಹುಕಾರರು. ಸಂಶಯ ಅವರ ಕಣ್ಣಿಗೆ ಬಂದಾಗಿತ್ತು. "ಬರೂ ಸಂತಿ ತನಕ ನೋಡತೇನಿ. ಆಮ್ಯಾಲ ಬೆಳಗಾಂವಿ."

ಬಿಚ್ಚಿ ಅಳೆದರೆ ಎಂಟು ಥೌ ಸಡಿಲ. ಮರುದಿನವೇ ಬ್ಲಾಕಿನೊಂದಿಗೆ ಕೊಲ್ಹಾಪುರಕ್ಕೆ ಓಡಿದೆವು. ಮೀಸೆಯವನ ಗ್ರಹಚಾರ ಬಿಡಿಸುತ್ತೇನೆ ಎಂದುಕೊಂಡೇ ಇಳಿದೆ. ಲೇಥಿನ ಮುಂದೆ ನಿಂತು, ಇಷ್ಟು ಸಡಿಲ ಯಾಕೆ ಬಿಟ್ಟೆ, ಮೂರು ಥೌ ಬಿಡುವ ಕಡೆ ಎಂಟು ಬಿಡಲು ನಿನಗೇನು ಕಣ್ಣಿಲ್ಲವೇ ಎಂದು ಹರಿಹಾಯ್ದೆ.

ಟರ್ನರ್ ಬೆರಗಾಗಿ ಅಪ್ಪನ ಕಡೆ ಕೈ ಮಾಡಿದ. "ತುಮ್ಹೀಚ್ ಸಾಂಗಿತಲಂ ನಾ ಮಿಸ್ತ್ರಿ! ಆಠ ಸೋಡಾ, ಆಠ ಸೋಡಾ! ಮೀ ಪರತ್ ವಿಚಾರಲಂ, ಆಠ? ಜಾಸ್ತ್ ಹೋತಂಯ್. ತುಮ್ಹೀ ಹೋ ಹೋ ಮ್ಹಣಾಲಾತ್. ಮಲಾ ವಾಟಲಂ ರೇಸಚೀ ಗಾಡೀ ಅಸೇಲ."

ಬಿಡಿ ಎಂದವರು ನೀವೇ, ಓಟದ ಗಾಡಿ ಇರಬೇಕು ಎಂದುಕೊಂಡೆ ಎನ್ನುತ್ತಿದ್ದ. ಅಪ್ಪ ಫೋನಿನಲ್ಲಿ ಅಂದದ್ದು ಆಟ ಸೋಡಾ, ಅಂದರೆ ಸ್ವಲ್ಪ ಆಟ ಬಿಡಿ ಎಂದು. ಅವನ ಎಲ್ಲ ಮರಾಠಿಯ ನಡುವೆ ಆಟ ಎಂಬುದೊಂದೇ ಕನ್ನಡ ಪದ, ಗ್ಯಾರೇಜಿನಲ್ಲಿ ಹಗಲೂರಾತ್ರಿ ಆಡುವ ಪದ. ಮರಾಠಿಯಲ್ಲಿ ಆಠ ಎಂದರೆ ಎಂಟು. ಕಾನಡಿಯವರ ನಾಲಿಗೆಗೆ ಮಹಾಪ್ರಾಣ ಹತ್ತುವುದಿಲ್ಲ, ಅದರಲ್ಲೂ ಈತನ ಮರಾಠಿ ಕಚ್ಚಾ ಎಂದು ಟರ್ನರ್ ತಾನೇ ಠಕಾರ ಸೇರಿಸಿ ಕೇಳಿಸಿಕೊಂಡಿದ್ದ. ತಪ್ಪು ಯಾರದು? ಅವನು ಮತ್ತೆ ಕೇಳಿದ್ದ. ಎಂಟೇ, ಹೆಚ್ಚಾಯಿತಲ್ಲ ಎಂದು ಕೇಳಿದ್ದ. ಅಪ್ಪನಿಗೆ ಬರೀ ಗುಂಯ್ ಎಂದದ್ದು ಕೇಳಿಸಿರಬೇಕು, ಹೂಂಗುಟ್ಟಿದ್ದ.

ಇದೆಲ್ಲವನ್ನೂ ನಾನು ತುಟಿ ಬಿಡಿಸಿ ಅಪ್ಪನಿಗೆ ಹೇಳಬೇಕಾಯಿತು. ಹೇಳುವಾಗ ನನ್ನ ತುಟಿ ನಡುಗುತ್ತಿತ್ತು, ಅವನಿಗೆ ಓದುವುದಕ್ಕೆ ಕಷ್ಟವಾಗಿರಬೇಕು. ಅವನು ಬ್ಲಾಕಿನ ನುಣುಪಾದ ಬಾಯಿಯಲ್ಲಿ ಬೆರಳಾಡಿಸಿದ. ಮೀಸೆಯವನೇ ಯಡವಟ್ಟು ಮಾಡಿದ ಎಂದು ಹಾರಾಡಬಹುದಿತ್ತು, ಊರಲ್ಲಿ ಯಾರೂ ಬಂದು ಸಾಕ್ಷಿ ಕೇಳುತ್ತಿರಲಿಲ್ಲ. ನಾನಾಗಿದ್ದರೆ ಹಾರಾಡುತ್ತಿದ್ದೆ. ಅಪ್ಪ ತಲೆಯೆತ್ತಿ, ಸ್ವಚ್ಛ ಮರಾಠಿಯಲ್ಲಿ, "ತುಮಚೀ ಚೂಕ್ ನಾಹೀ. ಮಲಾ ಐಕೂ ಯೇತ್ ನಾಹೀ" ಎಂದ. ನಿಮ್ಮ ತಪ್ಪಲ್ಲ, ನನಗೆ ಕೇಳಿಸುವುದಿಲ್ಲ. ಕನ್ನಡದಲ್ಲಿ ಆ ಮಾತನ್ನು ಅವನು ಅವ್ವನ ಮುಂದೆಯೂ ಆಡಿರಲಿಲ್ಲ.

ಟರ್ನರ್ ಮೀಸೆಯನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ ತುಟಿ ತೋರಿಸಿ, "ಚಹಾ?" ಎಂದ. ಅಪ್ಪ ನಕ್ಕುಬಿಟ್ಟ. ನಾನು ಆಚೆ ಮುಖ ಮಾಡಿ ಅತ್ತೆ.

ಕೊರೆದದ್ದನ್ನು ಮತ್ತೆ ತುಂಬಲಾಗುವುದಿಲ್ಲ. ಇನ್ನೂ ದೊಡ್ಡದಕ್ಕೇ ಹೋಗಬೇಕು. ಅರವತ್ತರ ಸೈಜಿನ ಪಿಸ್ಟನ್ನಿಗಾಗಿ ಟರ್ನರ್ ತನ್ನ ಸೈಕಲ್ ಹತ್ತಿ ಹೋದ, ಎಲ್ಲಿಂದಲೋ ಬೇರೊಂದು ಇಂಗ್ಲಿಷ್ ಗಾಡಿಯ ಸೆಟ್ ತಂದ, ಆ ಪಿಸ್ಟನ್‌ಗಳ ತಲೆಯನ್ನು ಲೇಥಿನಲ್ಲಿ ತುಸು ಕೆತ್ತಿ ನಮ್ಮದಕ್ಕೆ ಹೊಂದಿಸಿದ. ಎಷ್ಟು ಸಡಿಲ ಎಂಬುದನ್ನು ಈ ಸಲ ಬೆರಳೆತ್ತಿ ಕೇಳಿದ. ಅಪ್ಪ ಮೂರು ಬೆರಳು ತೋರಿಸಿದ.

ಸಂತೆಯ ದಿನ ಸಾಹುಕಾರರು ಬಂದರು. ಎಂಜಿನ್ ಎದ್ದಿತು, ಬಡಿತವಿರಲಿಲ್ಲ. ಉಳಿದದ್ದು ಜೋಡಿ ಕಾರ್ಬುರೇಟರ್. ಅಪ್ಪ ರಬ್ಬರ್ ನಳಿಗೆಯನ್ನು ಕೈಗೆ ತೆಗೆದುಕೊಂಡ. ಊರಿನ ಇಬ್ಬರು ಮೂವರು ನೋಡಲು ನಿಂತಿದ್ದರು. ನನ್ನ ಬೆರಳು ಮಡ್‌ಗಾರ್ಡಿನ ಮೇಲೆ ಟಪಟಪ ಎನ್ನುತ್ತಿತ್ತು. ಅವನು ನಳಿಗೆಯ ತುದಿಯನ್ನು ತನ್ನ ಕಿವಿಯ ತನಕ ಒಯ್ದ, ಅಲ್ಲಿ ನಿಲ್ಲಿಸಿದ, ಇಳಿಸಿದ.

"ಸಾವಕಾರ್ರ, ನನಗ ಕೇಳಸೂದಿಲ್ರಿ" ಎಂದ. ಕನ್ನಡದಲ್ಲಿ, ಎಲ್ಲರ ಮುಂದೆ. "ಭಾಳ ದಿನಾ ಆತು. ಇಕಿ ಕೇಳತಾಳ, ನಾ ಮಾಡತೇನಿ. ಬ್ಯಾಡಂದ್ರ ಈಗ ಒಯ್ರಿ."

ಸಾಹುಕಾರರು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು. "ಈ ಹುಡಿಗೀ? ಇಕಿ ಒಂದ ಕಡೆ ನಿಂತಿದ್ದ ನಾ ನೋಡೇ ಇಲ್ಲ."

ಅಪ್ಪ ನಳಿಗೆಯನ್ನು ನನ್ನ ಕೈಗಿಟ್ಟ. ಒಂದರ ಬಾಯಿಗೆ ಹಿಡಿದೆ, ಮತ್ತೊಂದರ ಬಾಯಿಗೆ ಹಿಡಿದೆ. ಮೊದಮೊದಲು ನನ್ನ ಎದೆಬಡಿತ ಬಿಟ್ಟು ಬೇರೇನೂ ಕೇಳಲಿಲ್ಲ. ಆಮೇಲೆ ಸುಯ್ಲು ಬಂತು. ಒಂದು ದಪ್ಪ, ಒಂದು ಸಣ್ಣ. ಬೆರಳಿನಿಂದ ತೋರಿಸಿದೆ, ಅಪ್ಪ ಸ್ಕ್ರೂ ತಿರುವಿದ. ಮತ್ತೆ ಕೇಳಿದೆ, ಮತ್ತೆ ತಿರುವಿದ. ಅವನ ಕಣ್ಣು ನನ್ನ ಮುಖದ ಮೇಲೇ ಇತ್ತು. ಎರಡೂ ಒಂದಾದ ಗಳಿಗೆಯನ್ನು ನಾನು ಹೇಳಬೇಕಾಗಲಿಲ್ಲ, ಅವನೇ ಕೈ ತೆಗೆದ.

"ಏರು ಹತ್ತತೈತೇನ್ರಿ?" ಎಂದು ಸಾಹುಕಾರರು ಅವನಿಗೆ ಕಾಣುವಂತೆ ಎದುರು ಬಂದು ಕೇಳಿದರು. "ಎರಡ ಸೀಟ್ ಅದಾವ. ನೀವಿಬ್ಬರ ಹೋಗಿ ಹತ್ತಿಸಿ ಬರ್ರಿ. ಕೇಳೂ ಕಿವಿ, ಮಾಡೂ ಕೈ ಎರಡೂ ಅದರಾಗ ಇರ್ಲಿ. ನಾ ಇಲ್ಲೆ ಚಹಾ ಕುಡೀತಿರತೇನಿ."

ಆಜರಾ ದಾರಿಯಲ್ಲಿ ಏರು ಕಾಣಿಸಿದಾಗ ಅಪ್ಪ, "ರಸ್ತೆ ನೋಡೂ ಮುಂದ ನಿನ್ನ ಬಾಯಿ ನೋಡಾಕ ಆಗೂದಿಲ್ಲ. ನನ್ನ ಹೆಗಲ ಮ್ಯಾಲ ಕೈ ಇಡು. ಎಂಜಿನ್ ಬಡ್ಯಾಕತ್ತಿದ್ರ ಬಡಿ, ಸರಿ ಇದ್ರ ಸುಮ್ನಿರು" ಎಂದ. ಮೂರನೇ ಗೇರಿನಲ್ಲೇ ಏರಿಗೆ ಬಿಟ್ಟ. ಗಾಳಿ ನನ್ನ ಜಡೆ ಬಿಚ್ಚಿ ಹಾಕಿತು. ಮುಂದೆ ಗೋಡಂಬಿಯ ಲಾರಿಯೊಂದು ತೆವಳುತ್ತಿತ್ತು, ದಾಟಿದೆವು. ಡ್ರೈವರ್ ಏನೋ ಕೂಗಿದ. ನಾನು ಆ ಕಡೆ ನೋಡಲೂ ಇಲ್ಲ. ಎಂಜಿನ್ನಿನ ಸದ್ದೊಂದನ್ನೇ ಕೇಳುತ್ತಿದ್ದೆ, ಜೀವಮಾನದಲ್ಲಿ ಇನ್ನಾವುದನ್ನೂ ಹಾಗೆ ಕೇಳಿದವಳಲ್ಲ.

"ಏನಂತೈತಿ?" ಎಂದು ಅಪ್ಪ ರಸ್ತೆಯಿಂದ ಕಣ್ಣು ತೆಗೆಯದೆ ಕೂಗಿದ.

ಏರು ಮುಗಿಯುವ ತನಕ ಅವನ ಹೆಗಲ ಮೇಲಿನ ನನ್ನ ಕೈಯ ಒಂದು ಬೆರಳೂ ಅಲುಗಲಿಲ್ಲ.